ಬೆಂಗಳೂರಿಗಿಂತ ಸಾವಿರ ವರ್ಷ ದೊಡ್ಡದು, ನಮ್ಮ ರಾಜಘಟ್ಟ

ಬೆಂಗಳೂರು ಸೀಮೆಯ ತೀರಾ ಹಳೇ ಕಟ್ಟಡ ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. ಹೆಚ್ಚಿನವರು ಕೆಂಪೇಗೌಡರ ಗೋಪುರ ಅನ್ನುತ್ತಾರೆ. ಸ್ವಲ್ಪ ಓಡಾಡಿದವರು ಬಸವನಗುಡಿ, ಗವಿಗಂಗಾಧರೇಶ್ವರ, ಕೋಟೆಯ ಹತ್ತಿರದ ಟಿಪ್ಪು ಅರಮನೆ ಅನ್ನುತ್ತಾರೆ. ಇತಿಹಾಸದ ಹುಚ್ಚಿರುವವರಾದರೆ ದೊಮ್ಮಲೂರಿನ ಚೊಕ್ಕನಾಥ, ಬೇಗೂರಿನ ನಾಗೇಶ್ವರ, ಇನ್ನೂ ಹಿಂದಕ್ಕೆ ಹೋಗಿ ನಂದಿಯ ಭೋಗನಂದೀಶ್ವರ ಅಂತ ಹೇಳಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ. ರಾಜಘಟ್ಟ ಅಂತ ಹೇಳಿದವರನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಅದಕ್ಕೆ ಕಾರಣ ಸುಲಭ. ರಾಜಘಟ್ಟದಲ್ಲಿ ನಿಂತಿರುವ ಹಳೇ ಬೌದ್ಧ ಕಟ್ಟಡ ಇಲ್ಲ. ಇರುವುದೆಲ್ಲ ನೆಲದೊಳಗೆ. ಗೋಪುರ ಇಲ್ಲ, ಕಂಬ ಇಲ್ಲ, ಫೋಟೋ ತೆಗೆದು ಹಾಕೋಣ ಅಂದರೆ ಏನೂ ಸಿಗುವುದಿಲ್ಲ. ಆದರೂ ಬೆಂಗಳೂರಿನ ಕಟ್ಟಡಗಳ ಕಥೆ ಬರೆಯುವುದಾದರೆ ಮೊದಲ ಅಧ್ಯಾಯ ಅಲ್ಲಿಂದ ಶುರುವಾಗಬೇಕು ಅನ್ನುವುದು ನನ್ನ ವಾದ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ರಾಜಘಟ್ಟ ಇರುವುದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ವಿಭಾಗದವರು ಪ್ರೊ. ಎಂ. ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ 2001ರಲ್ಲಿ, ಆಮೇಲೆ 2004ರಲ್ಲಿ ಇಲ್ಲಿ ಉತ್ಖನನ ಮಾಡಿದರು. ಸಿಕ್ಕಿದ್ದು ಇಟ್ಟಿಗೆಯಲ್ಲಿ ಕಟ್ಟಿದ ಬೌದ್ಧ ಚೈತ್ಯಗೃಹ, ಭಿಕ್ಷುಗಳು ಇರುತ್ತಿದ್ದ ವಿಹಾರ, ಜೊತೆಗೆ ದೊಡ್ಡ ಸಂಖ್ಯೆಯಲ್ಲಿ ಮಣ್ಣಿನ ಪುಟ್ಟ ಪುಟ್ಟ ಹರಕೆ ಸ್ತೂಪಗಳು. ಆ ಸ್ತೂಪಗಳ ಒಳಗೆ ಬ್ರಾಹ್ಮಿ ಲಿಪಿಯಲ್ಲಿ ಬೌದ್ಧ ಮಂತ್ರ ಒತ್ತಿದ ಮಣ್ಣಿನ ಬಿಲ್ಲೆಗಳು. ಕಾಲ ಗಂಗರದ್ದು, ಸುಮಾರು ಕ್ರಿ.ಶ. 5-6ನೇ ಶತಮಾನದ ಆಸುಪಾಸು.

ಕೆಂಪೇಗೌಡರು ಬೆಂಗಳೂರಿನ ಮಣ್ಣಿನ ಕೋಟೆ ಕಟ್ಟಿದ್ದು 1537ರಲ್ಲಿ ಅಂತ ನಾವೆಲ್ಲ ಓದಿದ್ದೇವೆ. ಈಗ ಕಳೆದು ನೋಡಿ. ಸಾವಿರ ವರ್ಷ! ಕೆಂಪೇಗೌಡರಿಗೂ ನಮಗೂ ಇರುವ ಅಂತರದ ಎರಡು ಪಟ್ಟು ಕಾಲ ಅವರಿಗೂ ರಾಜಘಟ್ಟದ ಭಿಕ್ಷುಗಳಿಗೂ ನಡುವೆ ಇತ್ತು. ಬೇಗೂರಿನ ವೀರಗಲ್ಲು, ಅದೇ 'ಬೆಂಗಳೂರು ಕಾಳೆಗ' ಅನ್ನುವ ಮಾತಿರುವ ಪ್ರಸಿದ್ಧ ಕಲ್ಲು, ಸುಮಾರು ಕ್ರಿ.ಶ. 900ರದ್ದು. ಬೆಂಗಳೂರು ಅನ್ನುವ ಹೆಸರು ಕಲ್ಲಿನ ಮೇಲೆ ಬರುವ ಮುನ್ನೂರು ನಾನೂರು ವರ್ಷ ಮೊದಲೇ ದೊಡ್ಡಬಳ್ಳಾಪುರದ ಪಕ್ಕದಲ್ಲಿ ಜನ ಇಟ್ಟಿಗೆ ಸುಟ್ಟು, ಗೋಡೆ ಎಬ್ಬಿಸಿ, ಸ್ತೂಪಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರು.

ನಾನು ಅಲ್ಲಿಗೆ ಹೋದಾಗ ಮಧ್ಯಾಹ್ನ ಆಗಿತ್ತು. ದಾರಿಯಲ್ಲಿ ಹುಲ್ಲು ಹೊರೆ ಇಳಿಸುತ್ತಿದ್ದ ಒಬ್ಬ ತಾತನನ್ನು ಕೇಳಿದೆ.

"ತಾತ, ಇಲ್ಲಿ ಬುದ್ಧನ ಕಾಲದ್ದು ಏನೋ ಅಗೆದಿದ್ರಂತಲ್ಲ, ಎಲ್ಲಿ ಅದು?"

"ಗುಡಿ ನೋಡಾಕ್ ಬಂದ್ರಾ? ಗುಡಿ ಆ ಕಡೆ ಐತೆ."

"ಗುಡಿ ಅಲ್ಲ ತಾತ, ಮೈಸೂರಿನೋರು ಬಂದು ಅಗೆದಿದ್ರಲ್ಲ..."

"ಓ, ಅದಾ! ಅಲ್ಲೇನೈತಪ್ಪ ಈಗ ನೋಡಾಕೆ? ಇಟ್ಟಿಗೆ ಸಿಕ್ತಿತ್ತು. ದೊಡ್ ದೊಡ್ಡವು. ನಮ್ಮಪ್ಪನ ಕಾಲದಾಗೇ ಸಿಕ್ತಿತ್ತು ಅಂತಿದ್ರು. ಯಾರಿಗ್ ಗೊತ್ತಿತ್ತು ಅದು ಬುದ್ಧಂದು ಅಂತ."

ಈ ಕೊನೆಯ ಮಾತು ನನಗೆ ಬಹಳ ದಿನ ತಲೆಯಲ್ಲಿ ಉಳಿಯಿತು. ಇಟ್ಟಿಗೆ ಸಿಗುತ್ತಿತ್ತು. ಅದು ಯಾರದ್ದು ಅಂತ ಹೇಳುವವರು ಇರಲಿಲ್ಲ, ಅಷ್ಟೆ.

ಇಲ್ಲಿ ಸ್ವಲ್ಪ ಕಟ್ಟಡದ ವಿಷಯಕ್ಕೆ ಬರೋಣ. ಹಳೇ ಕಟ್ಟಡ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಲ್ಲು. ಹಂಪಿ, ಬೇಲೂರು, ಬಾದಾಮಿ... ಎಲ್ಲವೂ ಕಲ್ಲೇ. ಹಾಗಾಗಿ ನಮ್ಮವರು ಯಾವಾಗಲೂ ಕಲ್ಲಿನಲ್ಲೇ ಕಟ್ಟುತ್ತಿದ್ದರು ಅನ್ನುವ ಭಾವನೆ ಬಂದುಬಿಟ್ಟಿದೆ. ನಿಜ ಏನೆಂದರೆ ದಕ್ಷಿಣದಲ್ಲಿ ಪೂರ್ತಿ ಕಲ್ಲಿನ ಗುಡಿ ಕಟ್ಟುವ ಪದ್ಧತಿ ಬಲವಾದದ್ದು 6-7ನೇ ಶತಮಾನದ ಮೇಲೆ. ಬಾದಾಮಿ ಚಾಲುಕ್ಯರಿಗೆ ಮೆದುವಾದ ಮರಳುಗಲ್ಲು ಸಿಕ್ಕಿತು, ಕಡೆದರು. ನಮ್ಮ ಕಡೆಯ ಗಟ್ಟಿ ಬಂಡೆಕಲ್ಲನ್ನು ಪಳಗಿಸುವುದಕ್ಕೆ ಇನ್ನೂ ಸಮಯ ಹಿಡಿಯಿತು. ಪಲ್ಲವ ದೊರೆ ಒಂದನೇ ಮಹೇಂದ್ರವರ್ಮ 7ನೇ ಶತಮಾನದ ಆರಂಭದಲ್ಲಿ ತಮಿಳುನಾಡಿನ ಮಂಡಗಪಟ್ಟು ಎಂಬಲ್ಲಿ ಬಂಡೆ ಕೊರೆದು ಗುಡಿ ಮಾಡಿಸಿ, ಇದನ್ನು ಇಟ್ಟಿಗೆ ಇಲ್ಲದೆ, ಮರ ಇಲ್ಲದೆ, ಲೋಹ ಇಲ್ಲದೆ, ಗಾರೆ ಇಲ್ಲದೆ ಮಾಡಿಸಿದ್ದೇನೆ ಅನ್ನುವ ಅರ್ಥದ ಶಾಸನ ಹಾಕಿಸಿದ. ಹಾಗೆ ಬೀಗಬೇಕಾದರೆ ಅಲ್ಲಿಯ ತನಕ ರೂಢಿಯಲ್ಲಿ ಇದ್ದದ್ದೇನು? ಇಟ್ಟಿಗೆ, ಮರ, ಲೋಹ, ಗಾರೆ!

ಅಂದರೆ ರಾಜಘಟ್ಟದ ಚೈತ್ಯ ನಮ್ಮ ಸೀಮೆಯಲ್ಲಿ ಕಲ್ಲಿನ ಕಾಲ ಶುರುವಾಗುವ ಮೊದಲಿನ ಕಟ್ಟಡ. ಆಗ ಅರಮನೆ ಇದ್ದಿರಬಹುದು, ಗುಡಿ ಇದ್ದಿರಬಹುದು, ಸಾವುಕಾರರ ಮನೆಗಳಿದ್ದಿರಬಹುದು. ಎಲ್ಲವೂ ಇಟ್ಟಿಗೆ, ಮಣ್ಣು, ಮರದ್ದೇ. ಅವೆಲ್ಲ ಹೋದವು. ಉಳಿದವುಗಳ ಪಟ್ಟಿ ಮಾಡಿ ಅದನ್ನೇ ಪರಂಪರೆ ಅಂತ ಕರೆದರೆ ನಾವು ಕಲ್ಲಿನ ಬಾಳಿಕೆಯನ್ನು ಅಳೆಯುತ್ತಿದ್ದೇವೆಯೇ ಹೊರತು ಇತಿಹಾಸವನ್ನಲ್ಲ. ತಮಾಷೆ ಎಂದರೆ ಕೆಂಪೇಗೌಡರ ಕೋಟೆಗೂ ಇದೇ ಗತಿ ಆಯಿತು. ಅದು ಮಣ್ಣಿನದ್ದು. ಇವತ್ತು ಕೆ.ಆರ್. ಮಾರ್ಕೆಟ್ ಹತ್ತಿರ ನಾವು ನೋಡುವ ಕೋಟೆಯ ತುಂಡು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಲು ಶುರು ಮಾಡಿದ ಕೋಟೆಯದ್ದು.

ಚೈತ್ಯಗೃಹ ಅಂದರೆ ಒಳಗೆ ಸ್ತೂಪವನ್ನು ಇಟ್ಟುಕೊಂಡ ಪೂಜಾಮಂದಿರ. ಭಕ್ತರು ಒಳಗೆ ಬರಬೇಕು, ಸ್ತೂಪದ ಸುತ್ತ ಪ್ರದಕ್ಷಿಣೆ ಹಾಕಬೇಕು, ಹೊರಗೆ ಹೋಗಬೇಕು. ಕಾರ್ಲೆ, ಅಜಂತಾಗಳಲ್ಲಿ ಬಂಡೆ ಕೊರೆದು ಮಾಡಿದ ಚೈತ್ಯಗಳನ್ನು ನೀವು ನೋಡಿರುತ್ತೀರಿ. ಅವುಗಳ ಕಮಾನು ಚಾವಣಿಯಲ್ಲಿ ತೊಲೆಗಳಂತೆ ಕಾಣುವ ಪಟ್ಟಿಗಳಿವೆಯಲ್ಲ, ಅವು ಮರದ ಕಟ್ಟಡದ ನೆನಪು. ನೆಲದ ಮೇಲೆ ಕಟ್ಟಿದ ಚೈತ್ಯಗಳಲ್ಲಿ ಒಂದು ತುದಿ ದುಂಡಗಿರುವುದು ಸಾಮಾನ್ಯ. ಆನೆಯ ಹಿಂಭಾಗದ ಹಾಗೆ ಕಾಣುವುದರಿಂದ ಗಜಪೃಷ್ಠ ಅನ್ನುತ್ತಾರೆ. ಬನವಾಸಿಯಲ್ಲಿ ಈ ಆಕಾರದ ಇಟ್ಟಿಗೆ ಕಟ್ಟಡಗಳ ತಳಪಾಯ ಸಿಕ್ಕಿದೆ. ಮಹಾರಾಷ್ಟ್ರದ ತೇರ್, ಆಂಧ್ರದ ಚೇಜರ್ಲ, ಈ ಎರಡು ಊರುಗಳಲ್ಲಿ ಮಾತ್ರ ಗಜಪೃಷ್ಠದ ಹಳೇ ಇಟ್ಟಿಗೆ ಕಟ್ಟಡ ಇನ್ನೂ ಮಾಡಿನ ಸಮೇತ ನಿಂತಿದೆ ಅನ್ನಬೇಕು. ಹೇಗೆ ಉಳಿದವು ಗೊತ್ತಾ? ಎರಡೂ ಮುಂದೆ ಹಿಂದೂ ದೇವಸ್ಥಾನಗಳಾದವು. ತೇರ್‌ನಲ್ಲಿ ತ್ರಿವಿಕ್ರಮ, ಚೇಜರ್ಲದಲ್ಲಿ ಕಪೋತೇಶ್ವರ. ದೀಪ ಹಚ್ಚುವವರು, ಸೋರಿದರೆ ಹೆಂಚು ಸರಿಮಾಡುವವರು ಇದ್ದರು. ಅಂದ ಹಾಗೆ ನಮ್ಮ ಐಹೊಳೆಯ ದುರ್ಗ ಗುಡಿಯದ್ದೂ ಇದೇ ಗಜಪೃಷ್ಠದ ಆಕಾರ, ಆದರೆ ಅದು ಕಲ್ಲು. (ಆ 'ದುರ್ಗ' ದೇವಿಯ ಹೆಸರಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ ಬಂದದ್ದು!)

ರಾಜಘಟ್ಟಕ್ಕೆ ಆ ಅದೃಷ್ಟ ಇರಲಿಲ್ಲ. ಭಿಕ್ಷುಗಳು ಹೋದ ಮೇಲೆ ಇನ್ನೊಬ್ಬ ದೇವರು ಆ ಮನೆಗೆ ಬಾಡಿಗೆಗೆ ಬರಲಿಲ್ಲ. ಮರದ ಚಾವಣಿ ಕೊಳೆಯುತ್ತದೆ, ಮಳೆ ನೀರು ಗೋಡೆಗೆ ಇಳಿಯುತ್ತದೆ, ಗೋಡೆ ಕುಸಿಯುತ್ತದೆ, ಮಣ್ಣು ಮುಚ್ಚುತ್ತದೆ. ಮುಚ್ಚಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಯಾಕೆಂದರೆ ಹಾಳು ಬಿದ್ದ ಇಟ್ಟಿಗೆ ಕಟ್ಟಡಕ್ಕೆ ಮಳೆಗಿಂತ ದೊಡ್ಡ ಶತ್ರು ಮನುಷ್ಯ. ಸುಟ್ಟ ಇಟ್ಟಿಗೆ ಪುಕ್ಕಟೆ ಸಿಗುವಾಗ ಯಾರು ಬಿಡುತ್ತಾರೆ? ಹರಪ್ಪದಲ್ಲಿ 19ನೇ ಶತಮಾನದ ಮಧ್ಯದಲ್ಲಿ ರೈಲ್ವೆಯವರು ನಾಲ್ಕೂವರೆ ಸಾವಿರ ವರ್ಷ ಹಳೆಯ ಇಟ್ಟಿಗೆಗಳನ್ನು ಹಳಿಯ ಕೆಳಗೆ ಜಲ್ಲಿಯ ಹಾಗೆ ಸುರಿದರು. ಅಮರಾವತಿಯ ಮಹಾಸ್ತೂಪವನ್ನು 1790ರ ದಶಕದಲ್ಲಿ ಅಲ್ಲಿನ ಜಮೀನ್ದಾರನ ಕಡೆಯವರು ಕಟ್ಟಡ ಸಾಮಾನಿಗಾಗಿ ಅಗೆಯುತ್ತಿದ್ದರು. ಆ ದಶಕದ ಕೊನೆಯಲ್ಲಿ ಕರ್ನಲ್ ಮೆಕೆಂಜಿ ಅಲ್ಲಿಗೆ ಹೋಗದೆ ಇದ್ದಿದ್ದರೆ ಅಲ್ಲೊಂದು ಸ್ತೂಪ ಇತ್ತು ಅನ್ನುವುದೇ ಎಷ್ಟು ತಡವಾಗಿ ಗೊತ್ತಾಗುತ್ತಿತ್ತೋ. (ಅದೇ ಮೆಕೆಂಜಿ ಟಿಪ್ಪು ಬಿದ್ದ ಮೇಲೆ ನಮ್ಮ ಮೈಸೂರು ಸೀಮೆಯನ್ನು ಅಳೆದವನು.)

ನಮ್ಮದೇ ಸನ್ನತಿಯ ಕಥೆ ಇನ್ನೂ ಚೆನ್ನಾಗಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದು ಮೂರ್ತಿ ಒಡೆಯಿತು. ನೋಡಿದರೆ ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲು ಅಶೋಕನ ಶಾಸನ! ನಡುವೆ ತೂತು ಕೊರೆದು ಪೀಠ ಮಾಡಿಕೊಂಡಿದ್ದರು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಮಹಾಸ್ತೂಪವೇ ಸಿಕ್ಕಿತು, ಜೊತೆಗೆ ಅಶೋಕನ ಹೆಸರು ಬರೆದಿರುವ ಅವನದೇ ಶಿಲ್ಪ. ಚಾವಣಿ ಬೀಳದೆ ಹೋಗಿದ್ದರೆ? ಇಂಥ 'ಹೋಗಿದ್ದರೆ'ಗಳ ಮೇಲೇ ನಮ್ಮ ಇತಿಹಾಸದ ಅರ್ಧ ನಿಂತಿದೆ ಅನ್ನಿಸುತ್ತದೆ.

ಇರಲಿ, ನನಗೆ ರಾಜಘಟ್ಟದಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಕಟ್ಟಡ ಅಲ್ಲ, ಆ ಮಣ್ಣಿನ ಸ್ತೂಪಗಳು. ಸ್ತೂಪ ಅಂದರೆ ನಾವು ಸಾಂಚಿಯಂಥದ್ದನ್ನು ನೆನೆಯುತ್ತೇವೆ. ಇವು ಮಣ್ಣಿನಲ್ಲಿ ಮಾಡಿ ದೇವರಿಗೆ ಒಪ್ಪಿಸಿದ ಪುಟಾಣಿ ಸ್ತೂಪಗಳು. ಒಳಗೆ ಮಂತ್ರದ ಬಿಲ್ಲೆ ಇಟ್ಟು ಮುಚ್ಚಿಬಿಟ್ಟಿದ್ದಾರೆ. ಈ ಪದ್ಧತಿ ಬೌದ್ಧರಲ್ಲಿ ಎಲ್ಲ ಕಡೆಯೂ ಇತ್ತು. ನಾಲಂದಾ, ಬೋಧಗಯಾಗಳಲ್ಲಿ ಇಂಥವು ರಾಶಿ ರಾಶಿ ಸಿಕ್ಕಿವೆ. ಬರ್ಮಾದಲ್ಲಿ, ಥಾಯ್ಲೆಂಡಿನಲ್ಲಿ, ದೂರದ ಬಾಲಿ ದ್ವೀಪದಲ್ಲೂ ಸಿಕ್ಕಿವೆ. ಟಿಬೆಟಿನವರು ಇವತ್ತಿಗೂ 'ಸಾ-ತ್ಸಾ' ಅಂತ ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ, ಬೈಲಕುಪ್ಪೆಗೆ ಹೋದವರಲ್ಲಿ ಕೆಲವರಾದರೂ ನೋಡಿರಬಹುದು. 7ನೇ ಶತಮಾನದಲ್ಲಿ ಬಂದ ಹ್ಯೂಯೆನ್ ತ್ಸಾಂಗ್ ಇದನ್ನು ಬರೆದಿಟ್ಟಿದ್ದಾನೆ. ಸುಗಂಧದ ಪುಡಿಯನ್ನು ಕಲಸಿ ಐದಾರು ಅಂಗುಲದ ಸ್ತೂಪ ಮಾಡಿ, ಒಳಗೆ ಧರ್ಮಗ್ರಂಥದ ಮಾತು ಬರೆದು ಇಡುತ್ತಾರೆ, ಅದನ್ನು ಧರ್ಮಶರೀರ ಅನ್ನುತ್ತಾರೆ, ಸಂಖ್ಯೆ ಹೆಚ್ಚಾದಾಗ ದೊಡ್ಡ ಸ್ತೂಪ ಕಟ್ಟಿ ಅದರೊಳಗೆ ಸೇರಿಸುತ್ತಾರೆ ಅಂತ.

ಧರ್ಮಶರೀರ ಅನ್ನುವ ಕಲ್ಪನೆ ಎಷ್ಟು ಸೊಗಸಾಗಿದೆ ನೋಡಿ. ಬುದ್ಧನ ಅಸ್ಥಿ ಎಲ್ಲ ಊರಿಗೂ ಸಾಲುವುದಿಲ್ಲ. ಆದರೆ ಅವನ ಮಾತು ಸಾಲುತ್ತದೆ. ಮಾತೇ ಅವನ ದೇಹ. ಅದನ್ನು ಒಂದು ಬಿಲ್ಲೆಯಲ್ಲಿ ಒತ್ತಿ ಮಣ್ಣಿನೊಳಗೆ ಇಟ್ಟರೆ ಅಲ್ಲಿ ಬುದ್ಧ ಇದ್ದಾನೆ. ದೊಡ್ಡಬಳ್ಳಾಪುರದ ಕೆಂಪು ಮಣ್ಣಿನಲ್ಲೂ ಇದ್ದಾನೆ.

ಇನ್ನೊಂದು ಮಾತು. ನಮ್ಮ ಶಾಸನಗಳೆಲ್ಲ ಜನ ಓದಲಿ ಅಂತ ಬರೆಸಿದವು. ಇಂಥವನು ಇಂಥ ಯುದ್ಧದಲ್ಲಿ ಸತ್ತ, ಇಂಥವನು ಇಷ್ಟು ಗದ್ದೆ ಕೊಟ್ಟ, ಇದನ್ನು ಕೆಡಿಸಿದವನಿಗೆ ಇಂಥ ಪಾಪ... ಎಲ್ಲವೂ ಹತ್ತು ಜನರ ಮುಂದೆ ಹೇಳುವ ಮಾತು. ರಾಜಘಟ್ಟದ ಬಿಲ್ಲೆಗಳನ್ನು ಬರೆದದ್ದು ಯಾರೂ ಓದಬಾರದು ಅಂತಲ್ಲ, ಯಾರೂ ಓದಬೇಕಾಗಿಯೇ ಇರಲಿಲ್ಲ. ಒತ್ತಿದರು, ಒಳಗಿಟ್ಟರು, ಮುಚ್ಚಿದರು. ಸಾವಿರದೈನೂರು ವರ್ಷ ಆದ ಮೇಲೆ ಯಾರೋ ಕುಂಚ ಹಿಡಿದು ಮಣ್ಣು ಕೊಡವಿ ಓದುತ್ತಾರೆ ಅಂತ ಅವರಿಗೆ ಕನಸಿನಲ್ಲೂ ಇರಲಿಕ್ಕಿಲ್ಲ. ಮಾಡಿದವರ ಹೆಸರಿಗೆ ಅಲ್ಲಿ ಜಾಗವೇ ಇಲ್ಲ. ಬಿ. ಎಲ್. ರೈಸ್ ಊರೂರು ತಿರುಗಿ ನಮ್ಮ ಶಾಸನಗಳನ್ನು ಕೂಡಿಸಿದರು, ಬೆಂಗಳೂರು ಜಿಲ್ಲೆಯ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟ 1905ರಲ್ಲಿ ಬಂತು. ಅದರಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನದ್ದೂ ಇವೆ. ಆದರೆ ಮಣ್ಣಿನೊಳಗೆ ಮುಚ್ಚಿಟ್ಟ ಬರಹವನ್ನು ರೈಸ್ ಆದರೂ ಎಲ್ಲಿಂದ ತರಬೇಕು? ಅದಕ್ಕೆ ಗುದ್ದಲಿಯೇ ಬೇಕಾಯಿತು.

ಇದು ಯಾವುದೋ ದೂರದ ಧರ್ಮದ ವಿಚಿತ್ರ ಆಚರಣೆ ಅಂದುಕೊಳ್ಳಬೇಡಿ. ಅದೇ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ನೋಡಿ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಪ್ರತಿಷ್ಠೆ ಮಾಡಿದ ನಾಗರಕಲ್ಲುಗಳು ಸಾಲು ಸಾಲಾಗಿ, ಒಂದರ ಹಿಂದೆ ಒಂದು ನಿಂತಿವೆ. ಒಂದು ಕಲ್ಲು ಮಾಡಿಸಿ, ಪೂಜೆ ಮಾಡಿ, ಅಲ್ಲೇ ಬಿಟ್ಟು ಮನೆಗೆ ಬರುವುದು. ನನ್ನ ಕಲ್ಲು ಯಾವುದು ಅಂತ ಮುಂದಿನ ವರ್ಷ ಹುಡುಕಿದರೆ ಸಿಗುವುದೂ ಕಷ್ಟ. ಹುಡುಕಬೇಕಾಗಿಯೂ ಇಲ್ಲ. ದೇವರು ಬೇರೆ, ಮಂತ್ರ ಬೇರೆ, ಕಾಲವೂ ಬೇರೆ. ರಾಜಘಟ್ಟದ ಹರಕೆಗೂ ಘಾಟಿಯ ಹರಕೆಗೂ ನೇರ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಮಾಡಿ ಬಿಟ್ಟು ಬರುವ ಮನಸ್ಸು ಮಾತ್ರ ಒಂದೇ ಥರ ಕಾಣುತ್ತದೆ.

ಸರಿ, ಭಿಕ್ಷುಗಳಿಗೆ ಊಟ ಹಾಕಿದವರು ಯಾರು? ಇಟ್ಟಿಗೆ ಕಟ್ಟಡ ಎಂದರೆ ಸಾಮಾನ್ಯ ಖರ್ಚಲ್ಲ. ಮಣ್ಣು ಬೇಕು, ನೀರು ಬೇಕು, ಗೂಡು ಹಾಕಿ ಸುಡಲು ಗಾಡಿಗಟ್ಟಲೆ ಸೌದೆ ಬೇಕು, ಕೆಲಸದವರಿಗೆ ಕೂಲಿ ಬೇಕು. ಆಮೇಲೆ ವರ್ಷವಿಡೀ ಇರುವ ಭಿಕ್ಷುಗಳಿಗೆ ಅನ್ನ, ಬಟ್ಟೆ, ದೀಪಕ್ಕೆ ಎಣ್ಣೆ. ಕಾಡಿನ ನಡುವೆ ನಾಲ್ಕು ಜನ ತಪಸ್ವಿಗಳು ಮಾಡಿಕೊಳ್ಳುವ ಏರ್ಪಾಡಲ್ಲ ಇದು. ಸುತ್ತ ಬೇಸಾಯದ ಹಳ್ಳಿಗಳು ಇರಲೇಬೇಕು.

ಇಲ್ಲಿ ಒಂದು ತಾಮ್ರಶಾಸನ ನಮ್ಮ ಸಹಾಯಕ್ಕೆ ಬರುತ್ತದೆ. ಇದೇ ದೊಡ್ಡಬಳ್ಳಾಪುರ ತಾಲ್ಲೂಕಿನ ಮೇಳೇಕೋಟೆಯಲ್ಲಿ ಸಿಕ್ಕಿದ ಗಂಗ ದೊರೆ ತಡಂಗಾಲ ಮಾಧವನ ಶಾಸನ. 5ನೇ ಶತಮಾನದ ಈ ರಾಜ ಬೌದ್ಧ ವಿಹಾರಕ್ಕೆ ಭೂಮಿ ದಾನ ಕೊಟ್ಟದ್ದನ್ನು ಅದು ಹೇಳುತ್ತದೆ. ಆ ವಿಹಾರವೇ ರಾಜಘಟ್ಟದ ವಿಹಾರ ಅಂತ ಹಾರಿಬೀಳುವುದು ಬೇಡ. ಆದರೆ ಒಂದೇ ತಾಲ್ಲೂಕು, ಹೆಚ್ಚುಕಡಿಮೆ ಒಂದೇ ಕಾಲ. ತಾಮ್ರದ ಹಲಗೆಯ ಮೇಲೆ ಒಂದು ವಿಹಾರದ ಮಾತು, ಮಣ್ಣಿನ ಕೆಳಗೆ ಒಂದು ವಿಹಾರ. ಗಂಗರ ತಾಮ್ರಶಾಸನಗಳಲ್ಲಿ ಎಷ್ಟೋ ಆಮೇಲೆ ಹುಟ್ಟಿಸಿದ ಸುಳ್ಳು ಶಾಸನಗಳು ಅಂತ ಫ್ಲೀಟ್ ಸಾಹೇಬರು ಹಟ ಹಿಡಿದು, ರೈಸ್ ಅವರಿಗೂ ಅವರಿಗೂ ದೊಡ್ಡ ಜಟಾಪಟಿಯೇ ನಡೆದಿತ್ತು. ಅಂಥ ಅನುಮಾನದ ನಡುವೆ ನೆಲದೊಳಗಿನ ಇಟ್ಟಿಗೆ ಗೋಡೆ ಎದ್ದು ಬಂದು ಸಾಕ್ಷಿ ಹೇಳಿದರೆ ಎಷ್ಟು ಬೆಲೆ ಅಂತ ಯೋಚಿಸಿ.

ಶಾಲೆಯಲ್ಲಿ ನಾವು ಕಲಿತ ಗಂಗರು ಅಂದರೆ ಸಿಂಹನಂದಿ ಆಚಾರ್ಯರ ಆಶೀರ್ವಾದದಿಂದ ಬಂದವರು, ತಲಕಾಡು, ಚಾವುಂಡರಾಯ, ಶ್ರವಣಬೆಳಗೊಳದ ಗೊಮ್ಮಟ. ಗಂಗರು ಎಂದರೆ ಜೈನರು, ಅಲ್ಲಿಗೆ ಮುಗಿಯಿತು. ಗೊಮ್ಮಟ ನಿಂತದ್ದು 10ನೇ ಶತಮಾನದ ಕೊನೆಗೆ. ಅದಕ್ಕೆ ನಾನೂರು ವರ್ಷಕ್ಕೂ ಮೊದಲಿನ ಗಂಗವಾಡಿಯಲ್ಲಿ ಬ್ರಾಹ್ಮಣರಿಗೂ ದಾನ ಇತ್ತು, ಜೈನರಿಗೂ ಇತ್ತು, ಬೌದ್ಧರಿಗೂ ಇತ್ತು. ಪಕ್ಕದ ನೆಲಮಂಗಲ ತಾಲ್ಲೂಕಿನ ಮಣ್ಣೆ 8ನೇ ಶತಮಾನದಲ್ಲಿ ಗಂಗರ ಮಾನ್ಯಪುರವಾಗಿ ಬೆಳಗಿತು, ಅಲ್ಲಿ 797ರ ಹೊತ್ತಿಗೆ ಶ್ರೀವಿಜಯ ಎಂಬ ಸೇನಾನಿ ಬಸದಿ ಕಟ್ಟಿಸಿದ. ಮಣ್ಣೆಯಲ್ಲಿ ಕಲ್ಲು ಬಂತು, ಹಾಗಾಗಿ ಮಣ್ಣೆ ನೋಡಲು ಜನ ಹೋಗುತ್ತಾರೆ. ಅದಕ್ಕಿಂತ ಹಳೆಯದು ಇಟ್ಟಿಗೆಯಾಗಿ ಉಳಿಯಿತು.

ಈ ಜಾಗವೇ ಯಾಕೆ ಅನ್ನುವುದಕ್ಕೆ ನನ್ನದೊಂದು ಊಹೆ ಇದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿಕೊಂಡು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಅಂತ ಹರಿದು ಕೊನೆಗೆ ಸಂಗಮದಲ್ಲಿ ಕಾವೇರಿ ಸೇರುತ್ತಿತ್ತು. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದು 1890ರ ದಶಕದಲ್ಲಿ ಇದೇ ಹೊಳೆಗೆ ಅಡ್ಡ ಕಟ್ಟಿದ ಹೆಸರಘಟ್ಟದಿಂದ. ಗಂಗರ ಮೊದಲ ನೆಲೆ ಕೋಲಾರ, ಆಮೇಲಿನದ್ದು ತಲಕಾಡು. ಎರಡರ ನಡುವೆ, ನೀರಿರುವ, ಬೆಟ್ಟದ ನೆರಳಿರುವ ಬಯಲು ಇದು. ಜನರ ಓಡಾಟ ಇನ್ನೂ ಹಳೆಯದು. 1891ರಲ್ಲಿ ಯಶವಂತಪುರದ ಹತ್ತಿರ, 1965ರಲ್ಲಿ ಎಚ್‌ಎಎಲ್ ಹತ್ತಿರ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಅಗಸ್ಟಸ್, ಟೈಬೀರಿಯಸ್ ಕಾಲದ ದುಡ್ಡು ಬೆಂಗಳೂರಿನ ಮಣ್ಣಲ್ಲಿ! ವ್ಯಾಪಾರಿ ನಡೆದ ದಾರಿಯಲ್ಲೇ ಭಿಕ್ಷುವೂ ನಡೆಯುತ್ತಾನೆ, ಇದು ಏಷ್ಯಾದ ಉದ್ದಕ್ಕೂ ಕಾಣುವ ಸಂಗತಿ.

ಬೌದ್ಧರು ಕರ್ನಾಟಕದಿಂದ ಒಂದೇ ದಿನ ಮಾಯವಾಗಲಿಲ್ಲ. 968ರಲ್ಲಿ ಆಳುಪ ರಾಜ ಕುಂದವರ್ಮ ಮಂಗಳೂರಿನ ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಪ್ರತಿಷ್ಠೆ ಮಾಡಿದ, ಇವತ್ತಿಗೂ ಅದು ಕದ್ರಿ ಮಂಜುನಾಥನ ಗುಡಿಯಲ್ಲಿದೆ. 1065ರಲ್ಲಿ ಬಳ್ಳಿಗಾವೆಯಲ್ಲಿ ಬೌದ್ಧ ವಿಹಾರ, 1095ರಲ್ಲಿ ಗದಗ ಕಡೆಯ ಡಂಬಳದಲ್ಲಿ ಸೆಟ್ಟಿಗಳು ಕಟ್ಟಿಸಿದ ವಿಹಾರ ಮತ್ತು ತಾರಾದೇವಿ. ಅಂದರೆ ಬಸವಣ್ಣನವರ ಕಾಲದ ಹೊಸ್ತಿಲ ತನಕ. ರಾಜಘಟ್ಟ ಇಷ್ಟು ದೂರ ಬರಲಿಲ್ಲ.

ಈಗ ಇವತ್ತಿನ ಮಾತು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾದ ಮೇಲೆ ಈ ಕಡೆಯ ಭೂಮಿಯ ಕಥೆ ನಿಮಗೆ ಹೇಳಬೇಕಾಗಿಲ್ಲ. ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರು ಬಂತು, 2022ರ ನವೆಂಬರಿನಲ್ಲಿ ಅಲ್ಲಿ 108 ಅಡಿ ಎತ್ತರದ ಅವರ ಪ್ರತಿಮೆಯೂ ಎದ್ದಿತು. ಬಹಳ ಸಂತೋಷ. ಆದರೆ ಒಂದು ದಿಬ್ಬವನ್ನು ಸಮ ಮಾಡಿ ಸೈಟು ಮಾಡಲು ಜೆಸಿಬಿಗೆ ಎಷ್ಟು ಹೊತ್ತು ಬೇಕು? ಕಲ್ಲಿನ ಗುಡಿ ಅಡ್ಡ ಬಂದರೆ ಡ್ರೈವರ್ ಆದರೂ ನಿಲ್ಲಿಸುತ್ತಾನೆ, ಊರವರು ಓಡಿ ಬರುತ್ತಾರೆ. ಇಟ್ಟಿಗೆಯ ತಳಪಾಯ ಅಡ್ಡ ಬಂದರೆ ಅವನಿಗೆ ಗೊತ್ತೂ ಆಗುವುದಿಲ್ಲ.

ಕಾನೂನಿನಲ್ಲಿ ದಾರಿ ಇಲ್ಲ ಅಂತಲ್ಲ. 1958ರ ಕೇಂದ್ರದ ಪ್ರಾಚೀನ ಸ್ಮಾರಕಗಳ ಕಾಯ್ದೆ ನಿಂತ ಕಟ್ಟಡಕ್ಕೆ ಮಾತ್ರ ಸೀಮಿತ ಅಲ್ಲ. ನೂರು ವರ್ಷಕ್ಕೂ ಹಳೆಯ ಅವಶೇಷ ಇರುವ, ಇದೆ ಅಂತ ನಂಬಲು ಕಾರಣ ಇರುವ ಬರೀ ಜಾಗವೂ ಅದರ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದ್ದೇ ಆದ 1961ರ ಕಾಯ್ದೆಯ ಹೆಸರಿನಲ್ಲೇ ನಿವೇಶನ, ಅವಶೇಷ ಅನ್ನುವ ಮಾತುಗಳಿವೆ. ಕೇಂದ್ರದ ಪಟ್ಟಿಯಲ್ಲಿರುವ ಜಾಗಕ್ಕಾದರೆ 2010ರ ತಿದ್ದುಪಡಿ ಪ್ರಕಾರ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು. ಆದರೆ ಇದೆಲ್ಲ ಕೆಲಸ ಮಾಡುವುದು ಒಂದು ಜಾಗವನ್ನು ಸಂರಕ್ಷಿತ ಅಂತ ಘೋಷಿಸಿದ ಮೇಲೆ. ಘೋಷಿಸಬೇಕೆಂದರೆ ಯಾರಾದರೂ ಕೇಳಬೇಕು. ಕೇಳಬೇಕೆಂದರೆ ಅಲ್ಲಿ ಏನಿದೆ ಅಂತ ಗೊತ್ತಿರಬೇಕು. ತಾತ ಹೇಳಿದ ಮಾತಿನ ತೂಕ ಇದೇ.

ಉತ್ಖನನ ಮಾಡಿದ ಜಾಗದಲ್ಲಿ ಏನೂ ಕಾಣದಿದ್ದರೆ ಕೂಡಲೇ ಸರ್ಕಾರವನ್ನು ಬೈಯುವ ಅಭ್ಯಾಸ ನಮಗಿದೆ. ಅದೂ ಪೂರ್ತಿ ಸರಿಯಲ್ಲ. ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಇಟ್ಟಿಗೆ ಬಿಸಿಲು ಮಳೆಗೆ ಒಡ್ಡಿಕೊಂಡರೆ ಕೆಲವೇ ವರ್ಷದಲ್ಲಿ ಪುಡಿಯಾಗುತ್ತದೆ. ಅಳತೆ ತೆಗೆದು, ನಕ್ಷೆ ಬರೆದು, ಫೋಟೋ ತೆಗೆದು ಮತ್ತೆ ಮಣ್ಣು ಮುಚ್ಚುವುದೇ ಎಷ್ಟೋ ಸಲ ಅದಕ್ಕೆ ಮಾಡುವ ದೊಡ್ಡ ಉಪಕಾರ. ಮುಚ್ಚಿದ ಮೇಲೆ ಇಲ್ಲಿ ಇಂಥದ್ದಿದೆ ಅಂತ ಒಂದು ಕಲ್ಲು ನೆಡುವುದು, ಪಂಚಾಯಿತಿ ಗೋಡೆಯ ಮೇಲೆ ಒಂದು ನಕ್ಷೆ ತೂಗುಹಾಕುವುದು, ಊರ ಶಾಲೆಯ ಮಕ್ಕಳಿಗೆ ಒಂದು ಮಣ್ಣಿನ ಸ್ತೂಪ ಮಾಡುವುದನ್ನು ಹೇಳಿಕೊಡುವುದು, ಇಷ್ಟಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನ ಶಾಸನ ಸಿಕ್ಕಾಗ ಏನಾಯಿತು ನೆನಪಿಸಿಕೊಳ್ಳಿ. ಸುಮಾರು 750ರ, ಶ್ರೀಪುರುಷನ ಕಾಲದ ಕಲ್ಲು. ಆಸಕ್ತರು ಸಕಾಲದಲ್ಲಿ ಗುರುತಿಸಿದ್ದರಿಂದ ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನ ಉಳಿಯಿತು. ಅದಾದ ಮೇಲೆ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನೆಲ್ಲ ಮೂರು ಆಯಾಮದ ಸ್ಕ್ಯಾನ್ ಮಾಡಿಡುವ ಕೆಲಸ ಹಿಡಿದರು. ಕಲ್ಲಿಗೆ ಹೀಗೆ ಬಂಧುಗಳು ಸಿಕ್ಕಿದ್ದಾರೆ, ಇಟ್ಟಿಗೆಗೆ ಇನ್ನೂ ಸಿಗಬೇಕು.

ನಿಮ್ಮಲ್ಲಿ ಯಾರಾದರೂ ಘಾಟಿಗೋ ನಂದಿಗೋ ಹೋಗುವಾಗ ರಾಜಘಟ್ಟದ ಕಡೆ ತಿರುಗುವುದಾದರೆ ಒಂದು ವಿಷಯ ಹೇಳಿಬಿಡುತ್ತೇನೆ. ಹೊಲದಲ್ಲಿ ದಪ್ಪನೆಯ ಇಟ್ಟಿಗೆ ಚೂರೋ ಮಡಕೆ ಬೋಕಿಯೋ ಕಣ್ಣಿಗೆ ಬಿದ್ದರೆ ಫೋಟೋ ತೆಗೆಯಿರಿ, ನೆನಪಿಗೆ ಅಂತ ಮನೆಗೆ ತರಬೇಡಿ. ಅದು ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಅನ್ನುವುದರಲ್ಲೇ ಅದರ ಅರ್ಥ ಇರುವುದು. ಶೋಕೇಸಿಗೆ ಬಂದ ಮೇಲೆ ಅದು ಬರೀ ಇಟ್ಟಿಗೆ ಚೂರು. ಹೊಲ ಇನ್ನೊಬ್ಬರದ್ದು, ಪೈರಿದ್ದರೆ ಬದುವಿನ ಮೇಲೇ ನಡೆಯಿರಿ. ಬಿಸಿಲಿಗೆ ಟೋಪಿ, ಕುಡಿಯಲು ನೀರು ಮರೆಯಬೇಡಿ.